ಮೂರನೇ ಹಾಡಿನ ಎರಡನೇ ಡ್ರಮ್ಮು

ಸಂಗೀತದ ಬಗ್ಗೆ ಬರೆಯುವವರಿಗೆ ಸಂಗೀತ ಗೊತ್ತಿರಬೇಕು ಎನ್ನುವುದು ನ್ಯಾಯವಾದ ಮಾತು. ಆ ನ್ಯಾಯದ ಪ್ರಕಾರ ಈ ಕಥೆಯನ್ನು ಬೇರೆ ಯಾರಾದರೂ ಹೇಳಬೇಕಾಗಿತ್ತು. ಬಲ್ಲವರು ಯಾರೂ ಮುಂದೆ ಬರಲಿಲ್ಲ. ಬಂದಿದ್ದರೆ ನಾನು ಸಂತೋಷದಿಂದ ಬದಿಗೆ ಸರಿಯುತ್ತಿದ್ದೆ. ಹೆವಿ ಮೆಟಲ್ ಎಂಬ ಸಂಗೀತದಲ್ಲಿ ಗಿಟಾರು ಎಲ್ಲಿ ಮುಗಿಯುತ್ತದೆ, ಮನುಷ್ಯನ ಕಿರುಚಾಟ ಎಲ್ಲಿ ಶುರುವಾಗುತ್ತದೆ ಎಂದು ಈಗಲೂ ನನಗೆ ಖಚಿತವಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳಲು ಪ್ರಯತ್ನಪಟ್ಟಿದ್ದೇನೆ. ತಪ್ಪಿದ್ದರೆ ಗಿಟಾರಿನವರು ಕ್ಷಮಿಸಬೇಕು. ಡ್ರಮ್ಮಿನವರಲ್ಲಿ ಯಾಕೆ ಕ್ಷಮೆ ಕೇಳಬೇಕು ಎನ್ನುವುದು ಮುಂದೆ ತಾನಾಗಿಯೇ ತಿಳಿಯುತ್ತದೆ.

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಒಬ್ಬ ಗುಮಾಸ್ತರಿದ್ದರು. ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಬಂದವರಿಗೂ, ಬಂದ ನೀರು ನಿಲ್ಲುವುದಿಲ್ಲ ಎಂದು ಬಂದವರಿಗೂ ಅವರು ಒಂದೇ ಮಾತು ಹೇಳುತ್ತಿದ್ದರು: "ಈಗಿನದ್ರಲ್ಲಿ ಏನಿದೆ ಬಿಡಿ, ಹಳೇದ್ರ ಮುಂದೆ ನಿಲ್ಲತ್ತಾ?" ಪೈಪಿನ ವಿಷಯಕ್ಕೆ ಹುಟ್ಟಿದ ಈ ಮಾತು ಕ್ರಮೇಣ ಚಪ್ಪಲಿ, ಛತ್ರಿ, ಸೀಮೆಸುಣ್ಣ, ಸ್ನೇಹ ಎಲ್ಲದಕ್ಕೂ ಹಬ್ಬಿತ್ತು. ಇದನ್ನು ಕೇಳಿದವರು ಯಾರೂ ಈವರೆಗೆ ಅಲ್ಲ ಎಂದಿರಲಿಲ್ಲ. ಗುಮಾಸ್ತರ ಬಳಿ ಇದ್ದ ಏಕೈಕ ಅಭಿಪ್ರಾಯ ಅದು. ಅದನ್ನು ಅವರು ಚೆನ್ನಾಗಿ ಬಳಸಿಕೊಂಡಿದ್ದರು.

ಗುಮಾಸ್ತರಿಗೆ ಒಬ್ಬ ಅಕ್ಕ. ಗಂಡ ತೀರಿಕೊಂಡ ಮೇಲೆ ಕಾಲಿನಿಂದ ತುಳಿಯುವ ಹೊಲಿಗೆ ಮೆಷಿನ್ನಿನ ಸಮೇತ ತಮ್ಮನ ಮನೆಗೆ ಬಂದು, ಎರಡೇ ಕೋಣೆಯ ಆ ಮನೆಯಲ್ಲಿ ಒಳಕೋಣೆ ಹಿಡಿದವರು. ಸಮವಸ್ತ್ರದ ಅಂಗಡಿಗೆ ಕಾಲರ್ ಹೊಲಿದುಕೊಡುವುದು ಅವರ ಕೆಲಸ. ಅಂದಿನಿಂದ ಗುಮಾಸ್ತರೂ ಅವರ ಹೆಂಡತಿಯೂ ಮುಂದಿನ ಕೋಣೆಯಲ್ಲಿ, ರಾತ್ರಿ ಬಿಚ್ಚಿ ಬೆಳಿಗ್ಗೆ ಮಡಿಸುವ ಮಂಚದ ಮೇಲೆ ಸಂಸಾರ ನಡೆಸುತ್ತಿದ್ದರು. ಆ ಮಂಚ ಮಧ್ಯದಲ್ಲಿ ತಾನಾಗಿಯೇ ಮಡಿಸಿಕೊಳ್ಳುವುದೂ ಇತ್ತು.

ಹೀಗಿರುವಾಗ ಒಬ್ಬ ಹಲ್ಲಿನ ಡಾಕ್ಟರು ಬಿಳಿ ಕೋಟು ಹೊಲಿಸಲು ಬಂದರು. ಆಮೇಲೆ ಅದರ ಜೇಬು ಸರಿಮಾಡಿಸಲು ಬಂದರು. ಆಮೇಲೆ ಸರಿಯಾಗಿದ್ದ ಜೇಬು ತೋರಿಸಲು ಬಂದರು. ಬರುವುದಕ್ಕೆ ಕಾರಣಗಳೆಲ್ಲ ಮುಗಿದ ದಿನ, ಪಾಪ, ನೇರವಾಗಿ ಕೇಳಿಯೇಬಿಟ್ಟರು. ಅವರೂ ಒಂಟಿ; ಅರ್ಧ ತಲೆ ಬೋಳು, ಉಳಿದರ್ಧದ ಕೂದಲು ಜುಟ್ಟು ಕಟ್ಟುವಷ್ಟು ಉದ್ದ.

ಅಕ್ಕ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಹಲ್ಲಿನಲ್ಲಿ ದಾರ ಕಡಿದು ತಮ್ಮನಿಗೆ ಹೇಳಿದರು: "ನೀನು ಹೋಗಿ ಮಾತಾಡ್ಕೊಂಡು ಬಾ. ನಿಂಗೆ ಸರಿ ಅನ್ಸಿದ್ರೆ ನೋಡೋಣ. ನನ್ನ ಮಾನ ಕಳೀಬೇಡ."

"ನಾನ್ಯಾಕೆ ಕಳೀಲಿ ಅಕ್ಕ?"

"ಕಳೀಬೇಕು ಅಂತ ಹೋಗಲ್ಲ ನೀನು. ಅದೇ ಭಯ."

ಹೆಂಡತಿ ಬಾಗಿಲವರೆಗೆ ಬಂದು, ಗಂಡನ ಅಂಗಿಯ ಕಾಲರ್ ಸರಿಮಾಡಿ, ಪಿಸುಗುಟ್ಟಿದಳು: "ರೀ, ಅತ್ತಿಗೆಗೆ ಒಳ್ಳೇದಾಗ್ಲಿ ಅಂತ ನಾನೂ ಆಸೆ ಪಡ್ತಿದೀನಿ. ಒಳಕೋಣೇಲಿ ಗಟ್ಟಿ ಮಂಚ ಹಾಕ್ಬಹುದು ಅನ್ನೋದು ಆಮೇಲಿನ ಮಾತು."

*

ಡಾಕ್ಟರ ಕ್ಲಿನಿಕ್ಕಿನ ಗೋಡೆಯ ಮೇಲೆ ಹಲ್ಲಿನ ಚಿತ್ರವಿತ್ತು. ಅದರ ಪಕ್ಕದಲ್ಲಿ ತಲೆಬುರುಡೆಯ ಚಿತ್ರವಿತ್ತು. ಇದೂ ಹಲ್ಲಿನ ಪಾಠಕ್ಕೇ ಇರಬೇಕು ಎಂದುಕೊಂಡರು ಗುಮಾಸ್ತರು. ಬುರುಡೆಯ ಬಾಯಿಂದ ಹಾವು ಯಾಕೆ ಹೊರಬರುತ್ತಿದೆ ಎನ್ನುವುದು ಮಾತ್ರ ಹೊಳೆಯಲಿಲ್ಲ.

"ವಯಸ್ಸು, ಮನೆ, ಮಠ ಎಲ್ಲ ಆಮೇಲೆ," ಎಂದರು ಡಾಕ್ಟರು. "ಮೊದ್ಲೇ ಒಂದು ವಿಷಯ ಹೇಳಿಬಿಡ್ತೀನಿ. ನಮ್ಮನೇಲಿ ಸದ್ದು ಇರತ್ತೆ."

"ಸದ್ದಾ? ಅದೆಷ್ಟು ಇರತ್ತೆ ಬಿಡಿ."

ಡಾಕ್ಟರು ಮೂಲೆಯಲ್ಲಿದ್ದ ಹಾಡಿನ ಪೆಟ್ಟಿಗೆಯ ಗುಂಡಿ ತಿರುಗಿಸಿದರು. ತಗಡಿನ ಅಂಗಡಿಯೊಂದು ಮೆಟ್ಟಿಲ ಮೇಲಿಂದ ಉರುಳಿ ಬಿದ್ದು, ಬಿದ್ದ ಮೇಲೂ ಸಮಾಧಾನವಾಗದೆ ಯಾರನ್ನೋ ಬೈಯುತ್ತಿರುವಂತಹ ಸದ್ದು ಕೋಣೆ ತುಂಬಿತು. ಬಟ್ಟಲಿನಲ್ಲಿದ್ದ ಇಕ್ಕಳಗಳು ಕುಣಿದವು.

"ಇದಕ್ಕೆ ಮುಂಚೆ ಎರಡು ಮನೆಯವರು ಬಂದಿದ್ರು," ಡಾಕ್ಟರು ಸದ್ದಿನ ಮೇಲೆ ಕೂಗಿದರು. "ಒಬ್ರು ಎದ್ದು ಹೋದ್ರು. ಇನ್ನೊಬ್ರು ಪರವಾಗಿಲ್ಲ, ಸಹಿಸ್ಕೋತೀವಿ ಅಂದ್ರು. ಅವ್ರನ್ನ ನಾನೇ ಬೇಡ ಅಂದೆ. ಸಹಿಸೋರು ಈ ಕುರ್ಚಿಗೆ ದಿನಾ ಬರ್ತಾರೆ ಸಾರ್. ನಂಗೆ ಸಹಿಸೋರು ಬೇಡ, ಕೇಳೋರು ಬೇಕು. ನೀವು ಇದನ್ನ ಕೇಳ್ತೀರಾ?"

ಗುಮಾಸ್ತರ ಕಣ್ಣ ಮುಂದೆ ಅಕ್ಕ ಬಂದರು, ಮಾನ ಬಂತು, ಗಟ್ಟಿ ಮಂಚವೂ ಬಂತು. ಬಾಯಿಗೆ ಬಂದದ್ದು ಮಾತ್ರ ಅದೇ ಹಳೆಯ ಮಾತು.

"ಕೇಳದೆ ಏನು! ಆದ್ರೆ ಈಗಿನದ್ರಲ್ಲಿ ಏನಿದೆ ಬಿಡಿ ಡಾಕ್ಟ್ರೇ. ಹಳೇದ್ರ ಮುಂದೆ ನಿಲ್ಲತ್ತಾ?"

ಡಾಕ್ಟರು ಗುಂಡಿ ತಿರುಗಿಸಿ ಸದ್ದು ನಿಲ್ಲಿಸಿದರು. ರೋಗಿಗಳ ಕುರ್ಚಿಯಲ್ಲಿ ತಾವೇ ಕುಳಿತರು. ಅವರ ಕಣ್ಣು ಒದ್ದೆಯಾಗಿತ್ತು. ಹೆವಿ ಮೆಟಲ್ ಕೇಳುವವರಲ್ಲಿ ಹಳಬರು, ಹೊಸಬರು ಎಂದು ಎರಡು ಪಂಗಡವಿದೆ, ಎರಡೂ ಎಣ್ಣೆ ಸೀಗೆಕಾಯಿಯಂತಿವೆ, ಡಾಕ್ಟರು ಹಳಬರ ಪಂಗಡದ ಅಳಿದುಳಿದ ಸ್ತಂಭ ಎಂಬುದೆಲ್ಲ ಗುಮಾಸ್ತರಿಗೆ ಹೇಗೆ ಗೊತ್ತಿರಬೇಕು? ಪೈಪಿಗಾಗಿ ಹುಟ್ಟಿದ ಮಾತು ಹೋಗಿ ಹೋಗಿ ಒಂದು ಪಂಗಡದ ಮೂಲಮಂತ್ರವನ್ನೇ ಮುಟ್ಟಿಬಿಟ್ಟಿತ್ತು.

"ಇನ್ನೊಂದ್ಸಲ ಹೇಳಿ," ಎಂದರು ಡಾಕ್ಟರು.

ಗುಮಾಸ್ತರು ಇನ್ನೊಂದು ಸಲ ಹೇಳಿದರು.

ಡಾಕ್ಟರು ಬೀರು ತೆಗೆದು, ಔಷಧದ ಡಬ್ಬಗಳ ಹಿಂದಿನಿಂದ, ಹತ್ತಿಯಲ್ಲಿ ಸುತ್ತಿದ ಒಂದು ದೊಡ್ಡ ಕಪ್ಪು ಹಾಡಿನ ತಟ್ಟೆ ತಂದರು. 'ಕುಲುಮೆಯ ಮಕ್ಕಳು' ಎಂಬ ತಂಡ. ಆಲ್ಬಮ್ಮಿನ ಹೆಸರು 'ಕೊನೆಯ ಬೆಸುಗೆ'. ಹೊದಿಕೆಯ ಮೇಲೆ ಅಂಗಿಯಿಲ್ಲದ ಐದು ಜನ ಬೆಂಕಿಯ ಮುಂದೆ ನಿಂತು, ಬೆಂಕಿ ಹಚ್ಚಿದ್ದು ತಾವಲ್ಲ ಎಂಬ ಮುಖ ಮಾಡಿದ್ದರು.

"ನನ್ನ ಜೀವ ಇದು. ಯಾರಿಗೂ ಕೊಟ್ಟಿಲ್ಲ. ನೀವು ಕೇಳಿ. ವಿಮರ್ಶೆ ಬೇಕು ನಂಗೆ, ಹೊಗಳಿಕೆ ಅಲ್ಲ. ಪ್ಲೇಯರ್ ಇದೆ ತಾನೇ?"

"ಇಲ್ಲದೆ!" ಎಂದರು ಗುಮಾಸ್ತರು. ಇಷ್ಟು ದೂರ ಬಂದವರು ಇನ್ನು ಹಿಂದೆ ತಿರುಗುವಂತಿರಲಿಲ್ಲ.

*

ಪ್ಲೇಯರು ಇತ್ತು, ಅದೇ ಆಶ್ಚರ್ಯ. ಮಾವನ ಕಾಲದ್ದು. ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಡುತ್ತಿದ್ದರಿಂದ ಮುಚ್ಚಳದ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಗುರುತಿತ್ತು. ಗುಮಾಸ್ತರು ಧೂಳು ಒರೆಸಿ, ಕುರ್ಚಿ ಎಳೆದುಕೊಂಡು, ಕಚೇರಿಯಲ್ಲಿ ಮೇಲಧಿಕಾರಿ ಬಂದಾಗ ಕೂರುವಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ಮುಳ್ಳು ಇಳಿಸಿದರು.

ಮೊದಲನೇ ಹಾಡಿಗೆ ಹೆಂಡತಿ ಬಂದಳು. "ಏನ್ರೀ ಇದು? ಯಾರಿಗೆ ಏನಾಯ್ತು?"

"ಶ್! ವಿಮರ್ಶೆ ಮಾಡ್ತಿದೀನಿ."

"ಯಾರ ಮೇಲೆ ಸೇಡಿಗೆ?"

ಎರಡನೇ ಹಾಡಿಗೆ ಕೆಳಮನೆಯ ಮೇಷ್ಟರು ಬಂದರು. ನಿವೃತ್ತರಾದ ಮೇಲೆ ಮೌನ ಕಾಯುವುದಕ್ಕೆ ತರಗತಿಯಿಲ್ಲದೆ, ಇಡೀ ಕಟ್ಟಡದ ಮೌನ ಕಾಯುವ ಹೊಣೆ ಹೊತ್ತವರು. ಈ ಮನೆಯ ಸದ್ದಿನ ಬಗ್ಗೆ ಅವರು ಎಷ್ಟೋ ವರ್ಷಗಳಿಂದ ದೂರು ಕೊಡುತ್ತಲೇ ಇದ್ದರು. ಗುಮಾಸ್ತರು ಅದನ್ನು ಕಚೇರಿಯ ದೂರುಗಳಂತೆಯೇ ಗಂಭೀರವಾಗಿ ಸ್ವೀಕರಿಸಿ, ಅಷ್ಟಕ್ಕೇ ಬಿಡುತ್ತಿದ್ದರು.

"ಇದುವರೆಗೆ ಇದ್ದದ್ದು ಸಾಲದು ಅಂತ ಈಗ ಇದು ಬೇರೆನಾ?" ಎಂದರು ಮೇಷ್ಟರು.

"ಮೇಷ್ಟ್ರೇ, ನಮ್ಮಕ್ಕನ ಮದುವೆ ವಿಷಯ."

ಮೇಷ್ಟರು ಪ್ಲೇಯರನ್ನೂ ಗುಮಾಸ್ತರನ್ನೂ ನೋಡಿದರು. "ಹುಡುಗ ಹಾಡ್ತಿರೋದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ತಲೆಯಾಡಿಸುತ್ತ ಮೆಟ್ಟಿಲು ಇಳಿದರು.

ಒಳಕೋಣೆಯ ಬಾಗಿಲು ಮುಚ್ಚಿತ್ತು. ಅಕ್ಕ ಹೊರಗೆ ಬರಲಿಲ್ಲ, ಏನೂ ಕೇಳಲಿಲ್ಲ.

ಆಮೇಲೆ ಮೂರನೇ ಹಾಡು ಶುರುವಾಯಿತು. ಮೊದಲು ಅದೂ ಉಳಿದವುಗಳ ಹಾಗೇ ಇತ್ತು; ಒಬ್ಬ ಗುದ್ದುತ್ತಿದ್ದ, ಒಬ್ಬ ಗರಗಸ ಎಳೆಯುತ್ತಿದ್ದ, ಒಬ್ಬ ಅಳುತ್ತಿದ್ದ. ಗುಮಾಸ್ತರು ಕಣ್ಣುಮುಚ್ಚಿ, ಹುಬ್ಬು ಗಂಟಿಕ್ಕಿ, ಜನ್ಮದಲ್ಲಿ ಮೊದಲ ಸಲ ಕಿವಿಯಿಂದ ಏನಾದರೂ ಹಿಡಿಯಲೇಬೇಕೆಂದು ಕೂತರು. ಆಗ, ಆ ಗುದ್ದಾಟದ ಕೆಳಗೆ, ಎಲ್ಲೋ ಆಳದಲ್ಲಿ, ಇನ್ನೊಂದು ಸದ್ದು ಕೇಳಿಸಿತು. ಸಣ್ಣಗೆ, ಬಿಡದೆ, ಒಂದೇ ಸಮನೆ ಓಡುವ ಎರಡನೇ ಡ್ರಮ್ಮು. ಮುಂದಿನ ಡ್ರಮ್ಮು ಕೂಗಿದಾಗ ಇದು ಕೂಗಲಿಲ್ಲ. ಅದು ನಿಂತಾಗ ಇದು ನಿಲ್ಲಲಿಲ್ಲ. ತಿರುವಿನಲ್ಲಿ ಸ್ವಲ್ಪ ನಿಧಾನವಾಗಿ, ಮತ್ತೆ ಓಡಿತು. ಹಾಡಿನ ಕೊನೆಗೆ ನಿಂತಿತು. ಯಾರೋ ಮೆಲ್ಲಗೆ ಕೆಮ್ಮಿದಂತಾಯಿತು.

ಗುಮಾಸ್ತರು ಕಣ್ಣು ತೆರೆದರು. ಅವರಿಗೆ ಯಾಕೋ ಎದೆ ತುಂಬಿ ಬಂದಿತ್ತು. ಈ ಗಲಾಟೆಯೊಳಗೆ ಒಬ್ಬ ಸಭ್ಯ ಮನುಷ್ಯನಿದ್ದಾನೆ ಎನ್ನಿಸಿತು.

ಮರುದಿನ ಸಂಜೆ ಮತ್ತೆ ಕೇಳಿದರು. ಮೂರನೇ ಹಾಡಿನಲ್ಲಿ ಆತ ಮತ್ತೆ ಬಂದ. ಅದರ ಮರುದಿನವೂ ಬಂದ. ಗುಮಾಸ್ತರು ಕಚೇರಿಯಿಂದ ಸ್ವಲ್ಪ ಬೇಗ ಹೊರಡತೊಡಗಿದರು.

*

"ಹೇಳಿ," ಎಂದರು ಡಾಕ್ಟರು. ಬಾಯಿ ತೆರೆದು ಮಲಗಿದ್ದ ರೋಗಿಯೊಬ್ಬರನ್ನು ಹಾಗೆಯೇ ಬಿಟ್ಟು ಬಂದಿದ್ದರು.

ಗುಮಾಸ್ತರಿಗೆ ಗೊತ್ತಿದ್ದದ್ದು ನೀರು ಸರಬರಾಜಿನ ಭಾಷೆ ಒಂದೇ. "ಮೊದಲನೇ ಹಾಡಲ್ಲಿ ಒತ್ತಡ ಚೆನ್ನಾಗಿದೆ," ಎಂದರು. "ಕೊನೇ ಮನೆವರೆಗೂ ಮುಟ್ಟತ್ತೆ. ಎರಡನೇದ್ರಲ್ಲಿ ಎಲ್ಲೋ ಸೋರಿಕೆ ಇದೆ. ಹೊರಟಾಗ ಇದ್ದದ್ದು ಬಂದಾಗ ಇರಲ್ಲ. ನಾಲ್ಕನೇದು... ನಾಲ್ಕನೇದು ಗಾಳಿ ತುಂಬ್ಕೊಂಡ ನಲ್ಲಿ. ಬುಸ್ ಬುಸ್ ಅನ್ನತ್ತೆ, ನೀರಿಲ್ಲ."

"ಸೋರಿಕೆ!" ಡಾಕ್ಟರು ಮೇಜು ಹಿಡಿದುಕೊಂಡರು. "ಇಷ್ಟು ವರ್ಷ ಈ ಪದಕ್ಕೆ ಹುಡುಕಾಡಿದೀನಿ ಸಾರ್. ಎಲ್ಲೋ ಏನೋ ಹೋಗ್ತಿದೆ ಅನ್ಸೋದು, ಹೇಳೋಕೆ ಬರ್ತಿರ್ಲಿಲ್ಲ."

"ಆಂ... ಡಾಕ್ತೆ..." ಎಂದಿತು ಒಳಗಿನಿಂದ ರೋಗಿಯ ಧ್ವನಿ.

"ಒಂದು ನಿಮಿಷ! ಮೂರನೇದು ಬಿಟ್ರಲ್ಲ?"

ಅಲ್ಲಿಯವರೆಗೆ ಹೇಳಿದ್ದೆಲ್ಲ ಬಾಯಿಗೆ ಬಂದ ಮಾತು. ಮೂರನೆಯದನ್ನು ಮಾತ್ರ ಗುಮಾಸ್ತರು ಮನಸ್ಸಿನಿಂದ ಹೇಳಿದರು. ಕೆಟ್ಟದ್ದೆಲ್ಲ ಆದದ್ದು ಅದರಿಂದಲೇ.

"ಅದ್ರೊಳಗೆ ಇನ್ನೊಂದು ಡ್ರಮ್ಮಿದೆಯಲ್ಲ ಡಾಕ್ಟ್ರೇ. ಎರಡನೇದು. ಮುಂದಿನದು ಗುದ್ದತ್ತೆ, ಇದು ಗುದ್ದಲ್ಲ. ತಲೆ ತಗ್ಗಿಸ್ಕೊಂಡು ಕೆಲ್ಸ ಮಾಡೋರ ಥರ, ಸುಮ್ನೆ ಓಡತ್ತೆ. ಕೊನೇಲಿ ಕೆಮ್ಮತ್ತೆ."

"ಡ್ರಮ್ಮು ಕೆಮ್ಮತ್ತಾ?"

"ಬಡಿಯೋರು."

ಡಾಕ್ಟರ ಮುಖ ಅವರ ಕೋಟಿನ ಬಣ್ಣಕ್ಕೆ ತಿರುಗಿತು. ವಿಷಯ ಹೀಗಿತ್ತು: ಆ ತಂಡದಲ್ಲಿ ಮೊದಲು ಇಬ್ಬರು ಡ್ರಮ್ಮರ್‌ಗಳಿದ್ದರಂತೆ. ಆಲ್ಬಮ್ಮು ಅರ್ಧ ಆಗಿದ್ದಾಗ ಜಗಳವಾಗಿ ಒಬ್ಬ ಹೊರಟುಹೋದನಂತೆ. ಅವನು ಬಾರಿಸಿದ್ದನ್ನೆಲ್ಲ ಉಳಿದವರು ಅಳಿಸಿಹಾಕಿದರಂತೆ. ಆದರೆ ಎಲ್ಲೋ ಒಂದು ಕಡೆ, ಒಂದು ಹಾಡಿನ ತಳದಲ್ಲಿ, ಅವನು ಉಳಿದುಕೊಂಡಿದ್ದಾನೆ ಎಂದು ಹಳಬರ ಪಂಗಡದ ನಂಬಿಕೆ. ನಂಬಿಕೆ ಇತ್ತು, ಕೇಳಿದವರು ಇರಲಿಲ್ಲ.

ಡಾಕ್ಟರು ತಟ್ಟೆಯನ್ನು ವಾಪಸ್ ಪಡೆದು ಮನೆಗೆ ಒಯ್ದು ಮೂರನೇ ಹಾಡನ್ನು ಮತ್ತೆ ಮತ್ತೆ ಕೇಳಿದರು. ಏನೂ ಕೇಳಿಸಲಿಲ್ಲ. ಗುಮಾಸ್ತರು ಸುಳ್ಳು ಹೇಳಿರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ. ಒಳ್ಳೆಯ ಮನುಷ್ಯರ ಕಷ್ಟವೇ ಅದು. ಗುಮಾಸ್ತರ ಪ್ಲೇಯರು ಹಳೆಯದು, ಅದರ ಮುಳ್ಳು ಹಳೆಯದು, ಹೊಸ ಮುಳ್ಳು ಇಳಿಯದ ಆಳಕ್ಕೆ ಹಳೆಯ ಮುಳ್ಳು ಇಳಿಯುತ್ತದೆ ಎಂದು ತೀರ್ಮಾನಿಸಿದರು. ಅಲ್ಲಿಗೂ ಸುಮ್ಮನಿರಲಿಲ್ಲ. ಹಳಬರ ಪಂಗಡದ ಇನ್ನೊಂದು ಸ್ತಂಭವಾದ ತೆರಿಗೆ ಅಧಿಕಾರಿಗೆ ಫೋನ್ ಮಾಡಿ ಹೇಳಿಬಿಟ್ಟರು.

ತೆರಿಗೆ ಅಧಿಕಾರಿ ಎಂದರೆ, ಹಾಡು ಕೇಳಿದ ಮೇಲೆ ಹಾಡನ್ನೇ ವಿಚಾರಣೆಗೆ ಕರೆಯುವಂತಹ ಮನುಷ್ಯ. "ಆಧಾರ ಇಲ್ಲದ ಡ್ರಮ್ಮನ್ನ ನಾನು ಒಪ್ಪಲ್ಲ," ಎಂದರು. "ನಾನೇ ಬಂದು ಕೇಳ್ತೀನಿ. ಡ್ರಮ್ಮಿದ್ರೆ ಅವ್ರ ಕಾಲಿಗೆ ಬೀಳ್ತೀನಿ. ಇಲ್ಲದಿದ್ರೆ, ನೋಡು, ಇಂಥ ವಿಷಯದಲ್ಲಿ ಸುಳ್ಳು ಹೇಳೋ ಮನೆ ಜೊತೆ ಸಂಬಂಧ ಬೆಳೆಸ್ತೀಯಾ ನೀನು?"

ಡಾಕ್ಟರು ಈ ಮಾತನ್ನು ಗುಮಾಸ್ತರಿಗೆ ಆದಷ್ಟು ಮೆತ್ತಗೆ ಮಾಡಿ ತಲುಪಿಸಿದರು. ಮೆತ್ತಗೆ ಮಾಡಿದರೂ ಮೂಳೆ ಹಾಗೇ ಇತ್ತು.

"ಡ್ರಮ್ಮು ಇದೆ ತಾನೇ ಸಾರ್?" ಎಂದರು ಕೊನೆಗೆ. ಅವರ ಧ್ವನಿ ಸ್ವಲ್ಪ ಅದುರಿತು.

"ಇದೆ," ಎಂದರು ಗುಮಾಸ್ತರು. ಅವರು ನಿಜವನ್ನೇ ಹೇಳುತ್ತಿದ್ದರು. ಅಭ್ಯಾಸವಿಲ್ಲದ್ದರಿಂದ ಅವರ ಧ್ವನಿಯೂ ಅದುರಿತು.

*

ಪರೀಕ್ಷೆಯ ದಿನ ಮನೆ ಫಳಫಳ ಹೊಳೆಯುತ್ತಿತ್ತು. ಮಡಿಸುವ ಮಂಚವನ್ನು ಬಾಗಿಲ ಹಿಂದೆ ಬಚ್ಚಿಟ್ಟಿದ್ದರು. ಅಕ್ಕನಿಗೆ ಒಳ್ಳೆಯ ಬಟ್ಟೆ ಉಟ್ಟು, ಕೆಲಸ ಎಲ್ಲ ಬದಿಗಿಟ್ಟು, ಮುಂದಿನ ಕೋಣೆಯಲ್ಲಿ ಸುಮ್ಮನೆ ಕೂರಬೇಕೆಂದು ಅಪ್ಪಣೆಯಾಗಿತ್ತು.

"ನಾಳೆ ಬೆಳಿಗ್ಗೆ ಕಾಲರ್ ಕೊಡ್ಬೇಕು ಕಣೋ," ಎಂದರು ಅಕ್ಕ.

"ಒಂದು ಸಂಜೆ ಅಕ್ಕ. ಒಂದೇ ಸಂಜೆ ಆ ಕಾಲರ್ ಮರ್ತುಬಿಡು. ನಿನ್ನ ಬಾಳಿನ ಪ್ರಶ್ನೆ."

"ನನ್ನ ಬಾಳಿನ ಪ್ರಶ್ನೆಗೆ ನಾನೇನು ಮಾಡ್ಬೇಕು?"

"ಏನೂ ಮಾಡ್ಬೇಡ. ಅದನ್ನೇ ಹೇಳ್ತಿರೋದು."

ಡಾಕ್ಟರು ಹೊಸ ಬಿಳಿ ಅಂಗಿ ತೊಟ್ಟು ಬಂದಿದ್ದರು. ಬೆವರಿಗೆ ಅಂಗಿ ಅಂಟಿಕೊಂಡು, ಒಳಗಿನ ಕಪ್ಪು ಬನಿಯನ್ನಿನ ಮೇಲಿದ್ದ ಬುರುಡೆಯೊಂದು ಹೊರಗೆ ಇಣುಕಿ ಎಲ್ಲರನ್ನೂ ನೋಡುತ್ತಿತ್ತು. ಅಕ್ಕ ಅದನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು, ಅದಕ್ಕೂ ಟೀ ಕೊಡಬೇಕೇ ಎಂಬಂತೆ. ತೆರಿಗೆ ಅಧಿಕಾರಿ ಟೀ ನಿರಾಕರಿಸಿದರು. ಪ್ಲೇಯರನ್ನು ಸುತ್ತ ನಾಲ್ಕು ಕಡೆಯಿಂದ ನೋಡಿ, ಬಗ್ಗಿ ಕೆಳಗೂ ನೋಡಿ, ಮುಚ್ಚಳದ ಮೇಲಿನ ಕಂದು ಗುರುತಿಗೆ ಬೆರಳಿಟ್ಟರು.

"ಇದೇನು?"

"ಅದು... ಶಾಖ," ಎಂದರು ಗುಮಾಸ್ತರು.

"ಅಷ್ಟೊಂದು ಕೇಳಿದೀರಾ?" ಎಂದರು ಅಧಿಕಾರಿ, ಮೊದಲ ಸಲ ಸ್ವಲ್ಪ ಗೌರವದಿಂದ.

ಡಾಕ್ಟರು ತಟ್ಟೆಯಿಟ್ಟರು. ಮುಳ್ಳು ಇಳಿಯಿತು. ಮೊದಲನೇ ಹಾಡು ಹೋಯಿತು, ಎರಡನೆಯದು ಸೋರಿತು, ಮೂರನೆಯದು ಬಂತು. ಎಲ್ಲರೂ ಮುಂದಕ್ಕೆ ಬಾಗಿದರು. ಅಕ್ಕ ಕೈಕಟ್ಟಿ ಕುಳಿತು ಗೋಡೆ ನೋಡುತ್ತಿದ್ದರು. ಅವರ ಬಲಗಾಲು ಮಾತ್ರ ನೆಲದ ಮೇಲೆ ಏನೋ ಹುಡುಕುತ್ತಿತ್ತು.

ಗುದ್ದುವವನು ಗುದ್ದಿದ, ಎಳೆಯುವವನು ಎಳೆದ, ಅಳುವವನು ಅತ್ತ. ಎರಡನೇ ಡ್ರಮ್ಮು ಬರಲಿಲ್ಲ.

ಪ್ರತಿ ಸಂಜೆ ತಪ್ಪದೆ ಬರುತ್ತಿದ್ದ ಮನುಷ್ಯ, ಬೇಕಾದ ಒಂದೇ ಒಂದು ದಿನ ಕೈಕೊಟ್ಟಿದ್ದ.

"ನಂಗೇನೋ... ಕೇಳಿಸಿದ ಹಾಗಾಯ್ತು," ಎಂದರು ಡಾಕ್ಟರು, ಯಾರ ಮುಖವನ್ನೂ ನೋಡದೆ.

"ನಂಗೆ ಕೇಳಿಸ್ಲಿಲ್ಲ," ಎಂದರು ಅಧಿಕಾರಿ. "ನಿಂಗೂ ಕೇಳಿಸ್ಲಿಲ್ಲ. ನೀವು ಹೇಳಿ ಸ್ವಾಮಿ, ನಿಮಗೆ ಕೇಳಿಸ್ತಾ?"

ಗುಮಾಸ್ತರು ಪ್ಲೇಯರಿನ ಮುಚ್ಚಳದ ಧೂಳು ಒರೆಸತೊಡಗಿದರು. ಆಗ ತೆರೆದಿದ್ದ ಬಾಗಿಲಲ್ಲಿ ಕೆಳಮನೆಯ ಮೇಷ್ಟರು ಕಾಣಿಸಿಕೊಂಡರು. ದೂರು ಕೊಡಲೆಂದು ಬಂದವರು, ಅಧಿಕಾರಿಯಂತೆ ಕಾಣುವ ಅಪರಿಚಿತರನ್ನು ಕಂಡು, ಕೊನೆಗೂ ನ್ಯಾಯ ಸಿಗುವ ದಿನ ಬಂತೆಂದು ತಿಳಿದು, ನೇರವಾಗಿ ಒಳಗೆ ಬಂದರು.

"ಸದ್ದಿನ ವಿಚಾರಣೆನಾ? ನನ್ನನ್ನ ಕೇಳಿ. ಆ ಡ್ರಮ್ಮಿನ ಸದ್ದು ತಾನೇ? ನಾನು ಕೇಳಿದೀನಿ."

ಅಧಿಕಾರಿ ಗಕ್ಕನೆ ತಿರುಗಿದರು. "ಯಾವ ಡ್ರಮ್ಮು?"

"ಸಣ್ಣಗೆ, ಬಿಡದೆ ಓಡತ್ತಲ್ಲ, ಅದು. ಮಧ್ಯ ಮಧ್ಯ ನಿಂತು ಕೆಮ್ಮತ್ತೆ."

ಡಾಕ್ಟರು ಎದ್ದು ನಿಂತರು. "ಕೆಮ್ಮೂ ಕೇಳಿಸ್ತಾ?"

"ಕೇಳಿಸ್ತಾ ಅಂದ್ರೆ! ವರ್ಷಗಟ್ಟಲೆಯಿಂದ ಕೇಳ್ತಿದೀನಿ. ಬೆಳಿಗ್ಗೆ ಅದೇ, ಸಂಜೆ ಅದೇ. ಭಾನುವಾರನೂ ಬಿಡಲ್ಲ ಈ ಮನೆಯವರು."

ತೆರಿಗೆ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಗುಮಾಸ್ತರನ್ನು ಬೇರೆಯೇ ಕಣ್ಣಿನಿಂದ ನೋಡಿದರು.

"ವರ್ಷಗಟ್ಟಲೆ," ಎಂದರು ಮೆಲ್ಲಗೆ. "ಬೆಳಿಗ್ಗೆ, ಸಂಜೆ. ಸ್ವಾಮಿ, ಯಾಕೆ ಮುಚ್ಚಿಟ್ರಿ? ನಾವು ಪಂಗಡದಲ್ಲಿ ಇಬ್ರೇ ಉಳ್ಕೊಂಡ್ವಿ ಅಂತ ಕೊರಗ್ತಿದ್ವಲ್ಲ!"

ಗುಮಾಸ್ತರು ಕಕ್ಕಾಬಿಕ್ಕಿಯಾದರು. ಅಲ್ಲ ಎನ್ನಲು ಮನಸ್ಸಾಯಿತು. ಆದರೆ ಅಲ್ಲ ಎಂದರೆ ಯಾವುದು ಅಲ್ಲ, ಹೌದು ಎಂದರೆ ಯಾವುದು ಹೌದು ಎಂದು ಅವರಿಗೇ ತಿಳಿಯುತ್ತಿರಲಿಲ್ಲ. ಕೊನೆಗೆ, "ಈಗಿನದ್ರಲ್ಲಿ ಏನಿದೆ ಬಿಡಿ..." ಎಂದು ಶುರುಮಾಡಿದರು.

"ಸತ್ಯ!" ಎಂದರು ಅಧಿಕಾರಿ. "ಇನ್ನೊಂದ್ಸಲ ಹಾಕು. ಪ್ಲೇಯರ್ ಬಿಸಿಯಾಗಿರ್ಲಿಲ್ಲ ಅನ್ಸತ್ತೆ."

"ಇನ್ನೊಂದ್ಸಲಾನಾ?" ಎಂದರು ಅಕ್ಕ. ಎದ್ದು ನಿಂತು ಬಟ್ಟೆ ಕೊಡವಿಕೊಂಡರು. "ನೀವು ಕೇಳ್ಕೊಳ್ಳಿ. ನಾನಿಲ್ಲಿ ಕೂತ್ರೆ ಕಾಲರ್ ಯಾರು ಹೊಲೀತಾರೆ?" ತಮ್ಮನ ಕೈಸನ್ನೆ, ಕಣ್ಸನ್ನೆ ಯಾವುದನ್ನೂ ಲೆಕ್ಕಿಸದೆ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಮೊದಲನೇ ಹಾಡು. ಎರಡನೇ ಹಾಡು. ಮೂರನೆಯದು.

ಬಂತು. ಸಣ್ಣಗೆ, ತಳದಿಂದ, ಒಂದೇ ಸಮನೆ ಓಡುತ್ತ ಬಂತು. ಡಾಕ್ಟರು ಎದೆಯ ಮೇಲೆ, ಬುರುಡೆಯ ಕಣ್ಣಿನ ಮೇಲೆ, ಕೈಯಿಟ್ಟುಕೊಂಡರು. ಅಧಿಕಾರಿ ಕುರ್ಚಿಯಿಂದ ಅರ್ಧ ಎದ್ದವರು ಹಾಗೆಯೇ ನಿಂತುಬಿಟ್ಟರು. ಕೂರಲಿಲ್ಲ, ಪೂರ್ತಿ ಏಳಲೂ ಇಲ್ಲ.

"ಅವನೇ," ಎಂದರು ಗದ್ಗದಿತರಾಗಿ. "ಅಳಿಸೋಕೆ ಆಗ್ಲಿಲ್ಲ ನೋಡು ಅವ್ರಿಗೆ. ಎಂಥ ಕೈ! ಈ ವೇಗ ನೋಡು, ಈ ಸಂಯಮ ನೋಡು. ತಿರುವಿನಲ್ಲಿ ಹೇಗೆ ತಗ್ಗಿಸ್ತಾನೆ! ಇದು ಕಲಿತು ಬರೋದಲ್ಲ."

ಗುಮಾಸ್ತರ ಕಣ್ಣಲ್ಲಿ ನೀರಾಡಿತು. ಮಾನ ಉಳಿಯಿತು. ಅಧಿಕಾರಿ ಆಗಲೇ ಅವರ ಕಾಲಿನ ಕಡೆ ಬಗ್ಗುತ್ತಿದ್ದರು. ಗುಮಾಸ್ತರು ಬೇಡ ಬೇಡ ಎಂದು ಕಾಲು ಎಳೆದುಕೊಂಡರು. ಎಳೆದುಕೊಂಡ ಕಾಲು ಮೇಜಿಗೆ ತಗುಲಿತು. ಮುಳ್ಳು ಕರ್ರೆಂದು ಜಾರಿ, ತಟ್ಟೆ ದಾಟಿ, ಬದಿಗೆ ಬಿತ್ತು.

ಗಿಟಾರು ನಿಂತಿತು. ಕಿರುಚಾಟ ನಿಂತಿತು. ಮೊದಲನೇ ಡ್ರಮ್ಮು ನಿಂತಿತು.

ಎರಡನೇ ಡ್ರಮ್ಮು ನಿಲ್ಲಲಿಲ್ಲ.

ಅದು ಹಾಡಿನ ಹಂಗಿಲ್ಲದೆ, ಮುಚ್ಚಿದ ಬಾಗಿಲ ಆಚೆಯಿಂದ, ಟಕಟಕಟಕ ಎಂದು ಓಡಿತು. ತಿರುವಿನಲ್ಲಿ ತಗ್ಗಿತು. ಮತ್ತೆ ಓಡಿತು. ನಿಂತಿತು. ಕೆಮ್ಮಿತು. ಕತ್ತರಿಯಿಂದ ದಾರ ಕತ್ತರಿಸಿದ ಸದ್ದಾಯಿತು.

"ಇದೇ!" ಎಂದರು ಮೇಷ್ಟರು. "ಇದನ್ನೇ ನಾನು ಹೇಳಿದ್ದು."

ಅಡುಗೆಯ ಮೂಲೆಯಲ್ಲಿ ನಿಂತಿದ್ದ ಗುಮಾಸ್ತರ ಹೆಂಡತಿ ಗಟ್ಟಿ ಮಂಚಕ್ಕೆ ಮನಸ್ಸಿನಲ್ಲೇ ತಿಲಾಂಜಲಿ ಬಿಟ್ಟಳು.

ತೆರಿಗೆ ಅಧಿಕಾರಿ ಮೊದಲು ಚೇತರಿಸಿಕೊಂಡರು. "ವಂಚನೆ," ಎಂದರು. "ಹೊಲಿಗೆ ಮೆಷಿನ್! ನಾನು ಹೊಲಿಗೆ ಮೆಷಿನ್ನಿಗೆ ಕಣ್ಣೀರು ಹಾಕ್ದೆ!"

"ಇಲ್ಲ ಸಾರ್," ಗುಮಾಸ್ತರು ಕೈಮುಗಿದರು. "ವಂಚನೆ ಅಲ್ಲ. ನಂಗೆ ಗೊತ್ತೇ ಆಗ್ಲಿಲ್ಲ. ಎಷ್ಟೋ ವರ್ಷದಿಂದ ಅದು ಮನೇಲಿ ಇದೆ, ನನ್ನ ಕಿವಿಗೆ ಬೀಳೋದೇ ನಿಂತುಹೋಗಿತ್ತು. ನಿಮ್ಮ ಹಾಡು ಕೇಳೋಕೆ ಅಂತ ಕೂತಾಗ್ಲೇ ಕೇಳಿಸಿದ್ದು. ಡಾಕ್ಟ್ರೇ, ನಂಗೆ ಈ ಸಂಗೀತ ಗೊತ್ತಿಲ್ಲ. ಹಳೇದೂ ಗೊತ್ತಿಲ್ಲ, ಹೊಸದೂ ಗೊತ್ತಿಲ್ಲ. ನಾನು ಹೇಳಿದ್ದು ಪೈಪಿನ ಮಾತು. ತಪ್ಪು ನಂದು. ನಮ್ಮಕ್ಕನ್ನ ಬೇಡ ಅನ್ಬೇಡಿ. ಅವಳಿಗೂ ಇದಕ್ಕೂ ಏನೂ ಸಂಬಂಧ ಇಲ್ಲ."

"ಸಂಬಂಧ ಇಲ್ಲ ಅಂತ ಹೇಗೆ ಹೇಳ್ತೀರಿ?" ಎಂದರು ಡಾಕ್ಟರು. ಅವರು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಹೋಗಿ ಬಾಗಿಲು ತಳ್ಳಿದರು.

ಅಕ್ಕ ಕಾಲರುಗಳ ರಾಶಿಯ ನಡುವೆ ಕನ್ನಡಕ ಏರಿಸಿ ನೋಡಿದರು. "ಯಾಕೆ? ನಿಲ್ಲಿಸ್ಬೇಕಾ?"

"ಬೇಡ," ಎಂದರು ಡಾಕ್ಟರು. "ನಿಮ್ಮನ್ನ ಒಂದು ಮಾತು ಯಾರೂ ಕೇಳ್ಲಿಲ್ಲ. ನಿಮಗೆ ಈ ಹಾಡು ಹೇಗನ್ಸತ್ತೆ?"

ಅಕ್ಕ ಯೋಚಿಸಿದರು. ಈ ವಿಷಯದಲ್ಲಿ ಯೋಚಿಸಿ ಉತ್ತರ ಕೊಟ್ಟವರು ಅವರೊಬ್ಬರೇ.

"ಗುದ್ದೋನು ಪರವಾಗಿಲ್ಲ, ಆದ್ರೆ ಆತುರ ಜಾಸ್ತಿ. ಮೂಲೆ ಬಂದಾಗ ಕಾಲು ಹಗುರ ಮಾಡ್ಬೇಕು ಅಂತ ಗೊತ್ತಿಲ್ಲ. ಬಟ್ಟೆ ಆಗಿದ್ರೆ ಸುಕ್ಕಾಗೋದು. ಹಾಡೋನಿಗೆ ಹಲ್ಲುನೋವಿದೆ. ನೀವು ಒಂದ್ಸಲ ನೋಡ್ಬಾರ್ದಾ?"

ಹಿಂದಿನಿಂದ ಇಣುಕುತ್ತಿದ್ದ ತೆರಿಗೆ ಅಧಿಕಾರಿ, "ಮೂಲೆ ಮಾತು ಸರಿ," ಎಂದು ತಮಗೇ ಹೇಳಿಕೊಂಡರು. ಆಮೇಲೆ ಹೇಳಿದ್ದು ನೆನಪಾಗಿ ಮತ್ತೆ 'ವಂಚನೆ'ಯ ಮುಖ ಮಾಡಿಕೊಂಡರು.

"ನಮ್ಮನೇಲಿ ಈ ಸದ್ದು ದಿನಾ ಇರತ್ತೆ," ಎಂದರು ಡಾಕ್ಟರು. "ನಿಮಗೆ ಆಗತ್ತಾ?"

"ಅದು ಆಮೇಲೆ. ನನ್ನ ಮೆಷಿನ್ ಸದ್ದು ನಿಮಗೆ ಆಗತ್ತಾ, ಅದು ಹೇಳಿ ಮೊದ್ಲು. ನಾನು ಬಂದ್ರೆ ಅದೂ ಬರತ್ತೆ. ಸಹಿಸ್ಕೋತೀನಿ ಅನ್ನೋ ಹಾಗಿದ್ರೆ ಬೇಡ."

ಡಾಕ್ಟರು ಬಾಗಿಲ ಪಕ್ಕದ ಮಣೆಯ ಮೇಲೆ, ಕಾಲರುಗಳನ್ನು ಒಂದಿಷ್ಟು ಸರಿಸಿ, ಕುಳಿತರು. "ಹೊಲೀರಿ," ಎಂದರು. "ಕೇಳ್ತೀನಿ."

*

ಮದುವೆ ಸಣ್ಣದಾಗಿ ನಡೆಯಿತು. ತೆರಿಗೆ ಅಧಿಕಾರಿ ಬರುವುದಿಲ್ಲ ಎಂದು ಹೇಳಿಕಳಿಸಿ, ಎಲ್ಲರಿಗಿಂತ ಮೊದಲು ಬಂದರು. ಹೊಲಿಗೆ ಮೆಷಿನ್ನು ತಳ್ಳುಗಾಡಿಯಲ್ಲಿ ಹೋಯಿತು. ಗುಮಾಸ್ತರೇ ಒಂದು ಬದಿ ಹಿಡಿದುಕೊಂಡಿದ್ದರು. ಒಳಕೋಣೆಗೆ ಗಟ್ಟಿ ಮಂಚ ಬಂತು. ಅದು ತಾನಾಗಿ ಮಡಿಸಿಕೊಳ್ಳಲಿಲ್ಲ, ಕಿರುಗುಟ್ಟಲಿಲ್ಲ. ಆದರೆ ಅದರ ಮೇಲೆ ಮಲಗಿದ ಗುಮಾಸ್ತರು ಏನೋ ಬರಬೇಕಾದದ್ದು ಬಾರದವರಂತೆ ಹೊರಳಾಡುತ್ತಿದ್ದರು.

ಸ್ವಲ್ಪ ದಿನ ಕಳೆದು ಕೆಳಮನೆಯ ಮೇಷ್ಟರು ಮೆಟ್ಟಿಲು ಹತ್ತಿ ಬಂದರು. ದೂರು ಕೊಡುವ ಮುಖವೇ. "ಏನಾಯ್ತು ನಿಮ್ಮನೆಗೆ? ಸದ್ದೇ ಇಲ್ಲ. ಹೀಗಾದ್ರೆ ಮನುಷ್ಯ ನಿದ್ದೆ ಮಾಡೋದು ಹೇಗೆ?"

"ನೋಡೋಣ ಮೇಷ್ಟ್ರೇ," ಎಂದರು ಗುಮಾಸ್ತರು.

ಈಗ ಭಾವನಾಗಿದ್ದ ಡಾಕ್ಟರು ಬಳುವಳಿಯಾಗಿ 'ಕೊನೆಯ ಬೆಸುಗೆ'ಯನ್ನು ಅವರಿಗೇ ಕೊಟ್ಟುಬಿಟ್ಟಿದ್ದರು. ಗುಮಾಸ್ತರು ಕೆಲವು ಸಂಜೆ ಕುರ್ಚಿ ಎಳೆದುಕೊಂಡು, ಮೂರನೇ ಹಾಡು ಹಾಕಿಕೊಂಡು, ಕಣ್ಣುಮುಚ್ಚಿ ಕೂರುತ್ತಾರೆ. ಹೆಂಡತಿ ಬಂದು, "ಇಷ್ಟ ಇಲ್ಲ ಅಂತೀರಿ, ಮತ್ತೆ ಹಾಕ್ತೀರಿ. ಏನು ಕೇಳ್ತಿದೀರಾ?" ಎನ್ನುತ್ತಾಳೆ. "ಶ್!" ಎನ್ನುತ್ತಾರೆ ಗುಮಾಸ್ತರು. ಗುದ್ದುವವನು ಗುದ್ದುತ್ತಾನೆ, ಅಳುವವನು ಅಳುತ್ತಾನೆ. ಆ ಇನ್ನೊಬ್ಬ ಮನುಷ್ಯ ಬರುವುದಿಲ್ಲ.

ಇಲ್ಲಿಗೆ ನನಗೆ ಗೊತ್ತಿದ್ದದ್ದು ಮುಗಿಯಿತು. ಗೊತ್ತಿಲ್ಲದ್ದು ಒಂದು ಉಳಿದಿದೆ. ಅಷ್ಟೂ ಸಂಜೆ ಅಕ್ಕನ ಮೆಷಿನ್ನು ಮೊದಲ ಎರಡು ಹಾಡಿಗೆ ಸುಮ್ಮನಿದ್ದು, ಸರಿಯಾಗಿ ಮೂರನೆಯದಕ್ಕೇ ಶುರುವಾಗುತ್ತಿದ್ದದ್ದು ಯಾಕೆ? ಕಾಲರ್ ಕತ್ತರಿಸಿ ಮಡಿಸಲು ಎರಡು ಹಾಡಿನಷ್ಟೇ ಹೊತ್ತು ಹಿಡಿಯುತ್ತಿತ್ತು ಎಂದು ಗುಮಾಸ್ತರ ಹೆಂಡತಿ ಹೇಳುತ್ತಾಳೆ. ಅದು ನಿಜವಿರಬಹುದು. ಬಾಗಿಲ ಆಚೆ ಕೂತು ಅಕ್ಕ ಆ ಹಾಡಿಗಾಗಿ ಕಾಯುತ್ತಿದ್ದರೇ ಎಂದು ತಮ್ಮ ಒಂದು ಸಲ ಕೇಳಿಯೂ ಕೇಳಿದರು. ಅಕ್ಕ ಹಲ್ಲಿನಲ್ಲಿ ದಾರ ಕಡಿದು, ಬೇರೊಂದು ತಟ್ಟೆ ಹಾಕುತ್ತಿದ್ದ ಗಂಡನ ಕಡೆ ನೋಡಿ, "ಯಾವ ಹಾಡೋ? ನಂಗೆಲ್ಲಿ ಹಾಡು ಗೊತ್ತು?" ಎಂದರು. ಅದಕ್ಕಿಂತ ಹೆಚ್ಚು ಯಾರಿಗೂ ಹೇಳಿಲ್ಲ. ನನಗೂ ಗೊತ್ತಿಲ್ಲ.